ಹೊಂಡದ ಹಾಜರಿ

ಕೊಳಚೆ ನೀರಿನ ಕೆಲಸಕ್ಕೆ ಸೇರಿದ ಮೊದಲ ದಿನ ವಾಸನೆಗೆ ನೀವು ಮೂಗು ಮುಚ್ಚಿಕೊಳ್ಳುತ್ತೀರಿ. ಮಧ್ಯಾಹ್ನದ ಬುತ್ತಿ ಬಿಚ್ಚಲು ಮನಸ್ಸಾಗುವುದಿಲ್ಲ. ಮನೆಗೆ ಹೋಗಿ ಸೋಪು ತಿಕ್ಕಿ ತಿಕ್ಕಿ ಸ್ನಾನ ಮಾಡಿದರೂ ಅಂಗೈಯಲ್ಲಿ ಅದೇ ವಾಸನೆ ಉಳಿದಿದೆ ಅನ್ನಿಸುತ್ತದೆ. ಅದಕ್ಕೆ ಹೆದರಬೇಡಿ. ಕೆಲವು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಗೇಟು ದಾಟಿ ಒಳಗೆ ಬಂದರೆ ಮೂಗಿಗೆ ಏನೂ ಗೊತ್ತಾಗುವುದಿಲ್ಲ. ಹೆದರಬೇಕಾದದ್ದು ಆ ಬೆಳಿಗ್ಗೆಯಿಂದ.

ನಾನು ರಾಯಚೂರಿನವನು. ಬಿ.ಎಸ್ಸಿ. ಮುಗಿಸಿ ಹೈದರಾಬಾದಿಗೆ ಬಂದು, ನಾಚಾರಂನ ಒಂದು ಬಣ್ಣದ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕೆಲವು ವರ್ಷ ದುಡಿದೆ. ಆಮೇಲೆ ಊರಂಚಿನ ಒಂದು ಕೆರೆಯ ದಂಡೆಯಲ್ಲಿದ್ದ ಕೊಳಚೆ ನೀರು ಶುದ್ಧೀಕರಣ ಘಟಕಕ್ಕೆ ಕೆಮಿಸ್ಟ್ ಆಗಿ ಸೇರಿದೆ. ನಿವೃತ್ತಿಯವರೆಗೆ ಅಲ್ಲೇ ಇದ್ದೆ. ಕೆರೆಯ ಹೆಸರು ಬರೆಯುವುದಿಲ್ಲ. ಅದರ ಒಂದು ಬದಿಗೆ ಮೀನು ಹಿಡಿಯುವವರ ಬಸ್ತಿ, ಇನ್ನೊಂದು ಬದಿಗೆ ಹೊಸ ಕಾಲನಿ, ನಡುವೆ ನಾವು. ಎರಡೂ ಕಡೆಯ ಮನೆಗಳ ನೀರು ನಮ್ಮಲ್ಲಿಗೆ ಬರುತ್ತಿತ್ತು. ಅದನ್ನು ತೊಳೆದು ಕೆರೆಗೆ ಬಿಡುವುದು ನಮ್ಮ ಕೆಲಸ.

ಘಟಕ ದೊಡ್ಡದೇನಲ್ಲ. ಕೊಳವೆಯಿಂದ ಬಂದ ನೀರು ಜಾಲರಿ ದಾಟಿ ಆಳವಾದ ಒಂದು ಹೊಂಡಕ್ಕೆ ಬೀಳುತ್ತದೆ. ಹೊಂಡ ತುಂಬಿದಂತೆ ಅದರೊಳಗಿನ ತೇಲುಚೆಂಡು ಮೇಲೇಳುತ್ತದೆ. ಚೆಂಡು ಎದ್ದರೆ ಪಂಪು ತಾನಾಗಿ ಓಡಿ, ನೀರನ್ನು ಗಾಳಿ ಊದುವ ತೊಟ್ಟಿಗೆ ಎತ್ತಿ ಹಾಕುತ್ತದೆ. ಆ ತೊಟ್ಟಿಯಲ್ಲಿ ಕಣ್ಣಿಗೆ ಕಾಣದ ಜೀವಾಣುಗಳು ಹೊಲಸನ್ನು ತಿಂದು ಬದುಕುತ್ತವೆ. ಅವು ಸಾಯದಂತೆ ನೋಡಿಕೊಂಡರೆ ಅರ್ಧ ಕೆಲಸ ಆದಂತೆ. ಸತ್ತರೆ ಬೇರೆ ಘಟಕದಿಂದ ಟ್ಯಾಂಕರಿನಲ್ಲಿ ಜೀವಾಣುಗಳಿರುವ ಒಳ್ಳೆಯ ಬಗ್ಗಡ ತಂದು ಸುರಿಯಬೇಕು. ನಮ್ಮವರು ಅದಕ್ಕೆ ‘ಹೆಪ್ಪು ಹಾಕೋದು’ ಎನ್ನುತ್ತಿದ್ದರು. ಪುಸ್ತಕದಲ್ಲಿ ಓದಿದ್ದಕ್ಕಿಂತ ನನಗೆ ಆ ಮಾತೇ ಹೆಚ್ಚು ಅರ್ಥವಾಯಿತು.

ಹೊಂಡದ ಮೇಲೆ ಆಗ ಕಬ್ಬಿಣದ ಸರಳುಗಳ ತೆರೆದ ಜಾಲ ಇತ್ತು. ಪಾಳಿ ಶುರುವಾಗುವಾಗ ಪಂಪ್ ಆಪರೇಟರು ಆ ಜಾಲದಿಂದ ಸ್ವಲ್ಪ ದೂರ ನಿಂತು, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ನೋಡಿಕೊಂಡು, ಒಂದು ಉಸಿರು ಎಳೆದು, ಇವತ್ತು ಹೊಂಡದಲ್ಲಿ ಏನಿದೆ ಎಂದು ನನಗೆ ಬಂದು ಹೇಳಬೇಕು. ಇದು ನಾನು ಸೇರುವುದಕ್ಕೂ ಮೊದಲಿನ ರೂಢಿ. ‘ಹೊಂಡದ ಹಾಜರಿ’ ಎಂದು ಅದಕ್ಕೆ ಹೆಸರು. ‘ಮೊಟ್ಟಿ ಹಾಜರ್’ ಎಂದರೆ ಕೊಳೆತ ಮೊಟ್ಟೆಯ ವಾಸನೆ ಇದೆ, ಗಾಳಿಯಂತ್ರ ಹಚ್ಚದೆ ಯಾರೂ ಹತ್ತಿರ ಹೋಗಬಾರದು. ‘ಬಣ್ಣ ಹಾಜರ್’ ಎಂದರೆ ಯಾವುದೋ ಕಾರ್ಖಾನೆಯ ಟ್ಯಾಂಕರು ಮೇಲ್ಗಡೆ ಮ್ಯಾನ್‌ಹೋಲಿನಲ್ಲಿ ತನ್ನ ಹೊಟ್ಟೆ ಖಾಲಿ ಮಾಡಿ ಹೋಗಿದೆ. ‘ಗಟಾರ ಹಾಜರ್’ ಎಂದರೆ ಎಲ್ಲ ಸರಿಯಾಗಿದೆ.

ಈ ಹಾಜರಿಯನ್ನು ಹೆಚ್ಚು ಹುರುಪಿನಿಂದ ಕೂಗುತ್ತಿದ್ದವನು ಶರಣಪ್ಪ. ಲಿಂಗಸುಗೂರು ಕಡೆಯವನು. ಗಾರೆ ಕೆಲಸಕ್ಕೆಂದು ಹೈದರಾಬಾದಿಗೆ ಬಂದು, ನಮ್ಮ ಘಟಕದ ಗೋಡೆ ಕಟ್ಟಲು ಸೇರಿ, ಗೋಡೆ ಮುಗಿದ ಮೇಲೆ ಒಳಗೇ ಉಳಿದವನು. ತಲೆಗೆ ಕೆಂಪು ಟವೆಲು, ಬುತ್ತಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ. ಹೆಂಡತಿ ನಾಗಮ್ಮ ಕಾಲನಿಯ ಎರಡು ಮನೆಗಳಲ್ಲಿ ಕೆಲಸ ಮಾಡುತ್ತಿದ್ದಳು. ಅವಳ ತಮ್ಮ ಈರಣ್ಣನನ್ನೂ ಶರಣಪ್ಪನೇ ಊರಿಂದ ಕರೆತಂದು ಜಾಲರಿಯ ಕಸ ತೆಗೆಯುವ ಕೆಲಸಕ್ಕೆ ಹಚ್ಚಿದ್ದ. ಹೊರಗೆ ಎಲ್ಲರ ಜೊತೆ ತೆಲುಗು, ಹಿಂದಿ. ನಾವು ಮೂವರೇ ಇದ್ದಾಗ ನಮ್ಮ ಮಾತು.

ಶರಣಪ್ಪನ ಮೂಗು ತಪ್ಪುತ್ತಿರಲಿಲ್ಲ ಎಂದಲ್ಲ. ಒಂದು ಬೆಳಿಗ್ಗೆ ಓಡಿ ಬಂದ.

‘ಸರ, ಹುಳಿ ಹಾಜರ್ ಐತ್ರಿ. ಆಸಿಡ್ ಬಿಟ್ಟಾರ. ಪಂಪ್ ಬಂದ್ ಮಾಡೀನಿ.’

ನನ್ನ ಮೂಗಿಗೂ ಹುಳಿ ಬಡಿಯಿತು. ಆಮ್ಲ ತೊಟ್ಟಿಗೆ ಹೋದರೆ ಜೀವಾಣುಗಳೆಲ್ಲ ಸತ್ತು ಹೋಗುತ್ತವೆ ಎಂದು ಹೆದರಿ, ಒಳಬರುವ ನೀರನ್ನೇ ತಡೆದೆವು. ಮೇಲಿನ ರಸ್ತೆಯಲ್ಲಿ ಕೊಳಚೆ ಉಕ್ಕಿ, ಒಬ್ಬ ಕಿರಾಣಿ ಅಂಗಡಿಯವನ ಮೆಟ್ಟಿಲು ಹತ್ತಿತು. ನೀರನ್ನು ಪರೀಕ್ಷಿಸಿದರೆ ಅದು ಆಸಿಡ್ಡೇ ಅಲ್ಲ. ಹತ್ತಿರದ ಮದುವೆ ಹಾಲಿನವರು ಹಳಸಿದ ಮಜ್ಜಿಗೆ ಹುಳಿ ಕೊಪ್ಪರಿಗೆಗಟ್ಟಲೆ ಚರಂಡಿಗೆ ಸುರಿದಿದ್ದರು. ನಮ್ಮ ಮ್ಯಾನೇಜರ್ ಪ್ರಭಾಕರ್ ಸಾರ್ ಆ ಅಂಗಡಿಯವನ ಹತ್ತಿರ ಬೈಸಿಕೊಂಡು ಬಂದು ನನ್ನ ಮೇಜಿನ ಮುಂದೆ ಕುಳಿತರು.

‘ಕೆಮಿಸ್ಟ್ ಸಾಬ್, ಮಜ್ಜಿಗೆ ಹುಳಿಗೂ ಆಸಿಡ್ಡಿಗೂ ಫರಕ್ ನೈ ಮಾಲೂಮ್ ಕ್ಯಾ?’ ವ್ಯತ್ಯಾಸವೇ ಗೊತ್ತಿಲ್ಲವೇ ಎಂದು.

ಅವರು ಹೊರಗೆ ಹೋದ ಮೇಲೆ ಶರಣಪ್ಪ ಪಿಸುಗುಟ್ಟಿದ: ‘ಒಂದ್ ಕೊಪ್ಪರಿಗಿ ಅನ್ನಾನೂ ಬಿಟ್ಟಿದ್ರ ಊಟಾನ ಆಗ್ತಿತ್ರಿ ಸರ.’

ಪ್ರಭಾಕರ್ ಸಾರ್ ಕೆಟ್ಟ ಮನುಷ್ಯರಲ್ಲ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಓದುವಾಗ ನೀವು ಒಬ್ಬ ಖಳನನ್ನು ಹುಡುಕುತ್ತೀರಿ. ನಾನೂ ಬಹಳ ಹುಡುಕಿದ್ದೇನೆ. ಎರಡು ಫೋನು ಇಟ್ಟುಕೊಂಡು, ರಕ್ತದೊತ್ತಡದ ಮಾತ್ರೆ ನುಂಗುತ್ತ, ದಿನವಿಡೀ ದೂರು ಕೇಳುವ ಮನುಷ್ಯ ಅವರು. ಒಂದು ಸಲ ಟ್ಯಾಂಕರಿನವರು ಬಿಟ್ಟ ವಿಷಕ್ಕೆ ತೊಟ್ಟಿ ಸತ್ತು, ಕೆರೆಯ ಮೀನು ಹೊಟ್ಟೆ ಮೇಲೆ ಮಾಡಿ ತೇಲಿದಾಗ, ಬಸ್ತಿಯ ಹೆಂಗಸೊಬ್ಬಳು ಬುಟ್ಟಿ ತುಂಬ ಸತ್ತ ಮೀನು ತಂದು ಅವರ ಮೇಜಿನ ಮೇಲೆ ಸುರಿದಳು. ಅವರು ಆ ಮೀನನ್ನು ತಾವೇ ಕೈಯಿಂದ ಬುಟ್ಟಿಗೆ ತುಂಬಿ ಹೊರಗೆ ಇಟ್ಟು ಬಂದರು. ಅಂದು ಅವರು ಊಟ ಮಾಡಲಿಲ್ಲ.

ಆ ಮೀನಿನ ಗಲಾಟೆ ಆದ ಮೇಲೆ ನಮಗೊಂದು ಅನಿಲದ ಮೀಟರು ಬಂತು. ಅಂಗೈಯಷ್ಟೇ ದೊಡ್ಡದು, ಹಳದಿ ಬಣ್ಣ, ವಿಷಗಾಳಿ ಇದ್ದರೆ ಕೂಗುತ್ತದೆ. ಅದನ್ನು ಬಳಸುವುದು ಹೇಗೆಂದು ಎಲ್ಲರನ್ನೂ ಬೇವಿನ ಮರದ ಕೆಳಗೆ ಕೂರಿಸಿ ನಾನೇ ಪಾಠ ಮಾಡಿದೆ.

ಹೊಂಡದಲ್ಲಿ ಹುಟ್ಟುವ ಗಾಳಿ ಸ್ವಲ್ಪ ಇದ್ದಾಗ ಕೊಳೆತ ಮೊಟ್ಟೆ ನಾರುತ್ತದೆ ಎಂದೆ. ಹೆಚ್ಚಾದರೆ ಅದು ಮೊದಲು ಮೂಗನ್ನೇ ಸಾಯಿಸುತ್ತದೆ, ವಾಸನೆ ನಿಂತ ಹಾಗೆ ಅನ್ನಿಸುತ್ತದೆ. ಇನ್ನೂ ಹೆಚ್ಚಾದರೆ ಒಂದೆರಡು ಉಸಿರಿಗೆ ಮನುಷ್ಯ ಕುಸಿಯುತ್ತಾನೆ, ಕೂಗಲಿಕ್ಕೂ ಆಗುವುದಿಲ್ಲ. ಆಗ ಹೊರಗಿದ್ದವರು ಅವನನ್ನು ಎತ್ತಲು ಇಳಿಯುತ್ತಾರೆ. ಅವರೂ ಕುಸಿಯುತ್ತಾರೆ. ಅವರನ್ನು ಎತ್ತಲು ಮತ್ತೊಬ್ಬ. ಆದ್ದರಿಂದ ಎಷ್ಟೇ ಹತ್ತಿರದವನಾಗಿರಲಿ, ಮೊದಲನೆಯವನು ಬಿದ್ದರೆ ಎರಡನೆಯವನು ಇಳಿಯಕೂಡದು.

ಶರಣಪ್ಪ ಕೈ ಎತ್ತಿದ.

‘ಸರ, ಎರಡನೇವ ಇಳೀಬಾರ್ದು, ತಿಳೀತು. ಮತ್ತ ಮೊದಲನೇವ ಏನ್ ಮಾಡ್ಬೇಕ್ರಿ?’

ಎಲ್ಲರೂ ನಕ್ಕರು. ನಾನೂ ನಕ್ಕೆ. ಈರಣ್ಣ ಎಲ್ಲರಿಗಿಂತ ಹೆಚ್ಚು ನಕ್ಕ. ಆ ಪ್ರಶ್ನೆಗೆ ನಾನು ಉತ್ತರ ಹೇಳಲೇ ಇಲ್ಲ. ನಮ್ಮಲ್ಲಿ ಮುಖಕ್ಕೆ ಕಟ್ಟಿಕೊಳ್ಳುವ ಉಸಿರಾಟದ ಸಾಧನ ಇರಲಿಲ್ಲ, ಸೊಂಟಕ್ಕೆ ಬಿಗಿದು ಮೇಲೆತ್ತುವ ಹಗ್ಗ, ರಾಟೆ ಇರಲಿಲ್ಲ. ಕೇಳಿ ಬರೆದಿದ್ದೆವು, ಬಂದಿರಲಿಲ್ಲ. ಉತ್ತರ ಎಲ್ಲಿಂದ ಬರಬೇಕು?

ಆ ಹೊತ್ತಿಗೆ ಕಾಲನಿ ಬೆಳೆದಿತ್ತು. ನಾವು ಬಂದಾಗ ಗೋಡೆಯಾಚೆ ಬರೀ ಬಂಡೆ, ಜಾಲಿ. ಈಗ ಐದಂತಸ್ತಿನ ಮನೆಗಳ ಬಾಲ್ಕನಿಗಳು ನಮ್ಮ ಹೊಂಡವನ್ನೇ ನೋಡುತ್ತ ನಿಂತಿದ್ದವು. ‘ಕೆರೆ ಕಾಣುವ ಮನೆ’ ಎಂದು ಕೊಂಡವರು ಅವರು. ಕೆರೆ ಕಾಣುತ್ತಿತ್ತು, ನಾವು ನಾರುತ್ತಿದ್ದೆವು. ದೂರಿನ ಮೇಲೆ ದೂರು. ಅವರ ಕಷ್ಟ ಸುಳ್ಳಲ್ಲ. ಉಣ್ಣುವ ಹೊತ್ತಿಗೆ ಕಿಟಕಿ ಮುಚ್ಚಿಕೊಂಡು ಬದುಕುವುದು ಯಾರಿಗೆ ಬೇಕು?

ಪರಿಹಾರ ಹೊತ್ತು ಒಂದು ಗುತ್ತಿಗೆಯ ಕಂಪನಿ ಬಂತು. ಹೊಂಡದ ಸುತ್ತ ಸಣ್ಣ ಕೊಳವೆ ಹಾಯಿಸಿ, ಮಂಜಿನಂತೆ ಪರಿಮಳದ ದ್ರಾವಣ ಚಿಮ್ಮಿಸುವುದು. ಜೊತೆಗೆ ಕಬ್ಬಿಣದ ಜಾಲ ತೆಗೆದು, ಗಟ್ಟಿ ಫೈಬರ್ ಹಾಳೆಗಳನ್ನು ಬೋಲ್ಟು ಹಾಕಿ ಮುಚ್ಚುವುದು. ಒಳಗೆ ನೋಡಲು ಒಬ್ಬ ಮನುಷ್ಯ ತೂರುವಷ್ಟು ಒಂದು ಕಿಂಡಿ.

ಯಾವ ಪರಿಮಳ ಎಂದು ನಿರ್ಧರಿಸಲು ಕಾಲನಿ ಸಂಘದವರನ್ನೇ ಕರೆದರು. ಪ್ರಭಾಕರ್ ಸಾರ್ ಕೋಣೆಯಲ್ಲಿ ಸಣ್ಣ ಸಣ್ಣ ಸೀಸೆಗಳು. ಗಂಧ, ನಿಂಬೆ, ಗುಲಾಬಿ, ಮಲ್ಲಿಗೆ. ಹೆಂಗಸರು ಒಂದೊಂದನ್ನೇ ಮೂಸಿ, ಒಬ್ಬರ ಮುಖ ಒಬ್ಬರು ನೋಡಿ, ಸೀರೆ ಆರಿಸುವಷ್ಟೇ ಶ್ರದ್ಧೆಯಿಂದ ಚರ್ಚಿಸಿದರು. ಗುಲಾಬಿ ತಲೆ ನೋಯಿಸುತ್ತದೆ, ನಿಂಬೆ ಪಾತ್ರೆ ತೊಳೆಯುವ ಸೋಪಿನಂತಿದೆ, ಗಂಧ ಸಾವಿನ ಮನೆಯಂತಿದೆ. ಕೊನೆಗೆ ಮಲ್ಲಿಗೆ ಗೆದ್ದಿತು. ಎಲ್ಲರೂ ಚಹಾ ಕುಡಿದು ಸಂತೋಷದಿಂದ ಹೋದರು. ಅಷ್ಟು ವರ್ಷಗಳಲ್ಲಿ ಕಾಲನಿಯವರು ನಮ್ಮ ಆಫೀಸಿನಿಂದ ನಗುತ್ತ ಹೋದದ್ದು ಅದೊಂದೇ ದಿನ.

ಮಲ್ಲಿಗೆ ಚಿಮ್ಮಲು ಶುರುವಾದ ದಿನ ಶರಣಪ್ಪ ಹೊಂಡದ ಸುತ್ತ ಒಂದು ಸುತ್ತು ಹಾಕಿ ಬಂದ.

‘ಸರ, ನಮ್ಮ ಗಟಾರಕ್ಕ ಮದಿವಿ ಗೊತ್ತಾಗೈತ್ರಿ.’

ಮರುದಿನ: ‘ಮನ್ಯಾಗ ಜಗಳಾರೀ. ಯಾರಿಗೆ ಹೂವ ಮುಡಿಸಿ ಬಂದಿ ಅಂತ ಕೇಳಾಕತ್ಯಾಳ. ಗಟಾರಕ್ಕ ಅಂದ್ರ ನಂಬವಲ್ಲಳು.’

ಈರಣ್ಣ ಬದಿಯಲ್ಲಿ ನಿಂತು, ‘ಅಕ್ಕಗ ನಾ ಸಾಕ್ಷಿ ಹೇಳಬೇಕಂದ್ರ ಒಂದ್ ಸಿನಿಮಾ ತೋರಸ್ಬೇಕು ಮಾವ’ ಎನ್ನುತ್ತಿದ್ದ.

ನಗುನಗುತ್ತಲೇ ನಮ್ಮ ಹೊಂಡದ ಹಾಜರಿ ಸತ್ತು ಹೋಯಿತು. ಯಾವ ದಿನ ಮೂಸಿದರೂ ಒಂದೇ ಉತ್ತರ. ‘ಮಲ್ಲಿಗಿ ಹಾಜರ್’ ಎಂದು ಅವನು ಕೂಗುತ್ತಿದ್ದ, ನಾನು ಆಯಿತು ಎಂದು ಕೈ ಆಡಿಸುತ್ತಿದ್ದೆ. ಮೂಗು ಹೋದರೆ ಹೋಗಲಿ, ಮೀಟರು ಇದೆಯಲ್ಲ ಎಂದರೆ, ಅದು ಪರಿಮಳದ ದ್ರಾವಣದಲ್ಲಿದ್ದ ಸ್ಪಿರಿಟಿಗೂ ಕೂಗತೊಡಗಿತು. ಹೊಂಡದ ಹತ್ತಿರ ತಂದರೆ ಸಾಕು, ಇಡೀ ಕಾಲನಿಗೆ ಕೇಳುವ ಹಾಗೆ ಕಿರುಚುತ್ತಿತ್ತು. ಬಾಲ್ಕನಿಗಳಿಂದ ಏನಾಯಿತು ಏನಾಯಿತು ಎಂದು ಕೇಳುತ್ತಿದ್ದರು. ಪ್ರಭಾಕರ್ ಸಾರ್ ‘ಕಾಯ್ಕು ಡರಾತೆ ಲೋಗೋಂಕೊ?’ ಎಂದು ಅದನ್ನು ತಮ್ಮ ಬೀರುವಿನಲ್ಲಿಟ್ಟರು. ಜನರನ್ನು ಯಾಕೆ ಹೆದರಿಸುವುದು. ಸ್ಪಿರಿಟು ಇಲ್ಲದ ದ್ರಾವಣ ಬೇಕು ಎಂದು ನಾನು ಬರೆದೆ, ನೋಡೋಣ ಎಂದರು, ಕೇಳುತ್ತಲೇ ಇದ್ದೆ. ಮೊದಲೆಲ್ಲ ಚೆಂಡಿಗೆ ಬಟ್ಟೆಚೂರು ಸಿಕ್ಕಿಕೊಂಡರೆ, ತೆರೆದ ಜಾಲದ ಮೇಲಿಂದ ಕೊಕ್ಕೆ ಕಟ್ಟಿದ ಉದ್ದ ಬಿದಿರು ಇಳಿಸಿ ಬಿಡಿಸುತ್ತಿದ್ದರು. ಈಗಿನ ಕಿಂಡಿ ಒಂದು ಮೂಲೆಗೆ, ಚೆಂಡು ಇನ್ನೊಂದು ಮೂಲೆಗೆ. ಬಿದಿರು ಬಾಗದು. ಕಿಂಡಿಯ ಕೆಳಗಿನ ಕಬ್ಬಿಣದ ಏಣಿಯ ಮೇಲೆ ಒಂದೆರಡು ಮೆಟ್ಟಿಲು ಇಳಿದು, ಬಿದಿರನ್ನು ಓರೆಯಾಗಿ ಚಾಚಿದರೆ ಮಾತ್ರ ಮುಟ್ಟುತ್ತಿತ್ತು.

ಮೂಗು, ಮೀಟರು, ಬಿದಿರು. ಒಂದೊಂದಾಗಿ ಮೂರೂ ಹೋದವು. ಮೂರನ್ನೂ ನೆರೆಹೊರೆಯವರಿಗೆ ತೊಂದರೆ ಆಗದಿರಲೆಂದೇ ಕಳೆದುಕೊಂಡೆವು.

ಆ ದಿನ ಬತುಕಮ್ಮ ಹಬ್ಬದ ಕೊನೆಯ ದಿನ. ನಿಮಗೆ ಗೊತ್ತಿರುತ್ತದೆ, ತಂಗಡಿ ಹೂ, ಚೆಂಡುಹೂಗಳನ್ನು ಗೋಪುರದಂತೆ ಪೇರಿಸಿ, ಸುತ್ತ ಚಪ್ಪಾಳೆ ತಟ್ಟಿ ಹಾಡಿ, ಹೆಂಗಸರು ಅದನ್ನು ಕೆರೆಗೆ ಬಿಡುತ್ತಾರೆ. ಮಧ್ಯಾಹ್ನವೇ ದಂಡೆಯ ಮೇಲೆ ಧ್ವನಿವರ್ಧಕ ಹಾಡತೊಡಗಿತ್ತು. ನಮ್ಮ ಗೇಟಿನ ಮುಂದಿನ ರಸ್ತೆಯಲ್ಲೇ ಎಲ್ಲರೂ ಹಾದು ಹೋಗಬೇಕು. ಇವತ್ತು ಒಂದು ಹನಿ ಕೊಳಚೆ ರಸ್ತೆಗೆ ಬರಬಾರದು ಎಂದು ಪ್ರಭಾಕರ್ ಸಾರ್‌ಗೆ ಬೆಳಿಗ್ಗೆಯಿಂದ ಫೋನಿನ ಮೇಲೆ ಫೋನು.

ಪಂಪು ನಿಂತಿತು. ಪ್ರಯೋಗಾಲಯದಲ್ಲಿದ್ದ ನನಗೆ ಅದು ಸದ್ದು ನಿಂತದ್ದರಿಂದ ಗೊತ್ತಾಯಿತು. ಹೊರಗೆ ಬಂದರೆ ಶರಣಪ್ಪ ಕಿಂಡಿಯ ಮುಚ್ಚಳ ತೆಗೆದು ಬಗ್ಗಿ ನೋಡುತ್ತಿದ್ದ. ಈರಣ್ಣ ಬಿದಿರು ಹಿಡಿದು ನಿಂತಿದ್ದ. ಚೆಂಡಿಗೆ ಏನೋ ಸಿಕ್ಕಿಕೊಂಡಿದೆ, ಏಳುತ್ತಿಲ್ಲ, ನೀರು ಏರುತ್ತಿದೆ ಎಂದರು. ಮಂಜು ಚಿಮ್ಮುತ್ತಲೇ ಇತ್ತು.

‘ಶರಣಪ್ಪ, ನಿಲ್ಲು. ಮೀಟರ್ ತರ್ತೀನಿ’ ಎಂದೆ.

‘ಅದೇನ್ ಹೇಳ್ತೈತಿ ಬಿಡ್ರಿ ಸರ, ಮಲ್ಲಿಗಿ ಐತಿ ಅಂತೈತಿ.’

‘ಆದ್ರೂ ನಿಲ್ಲು. ಹಾಳಿ ಬಿಚ್ಚಿಸೋಣು. ಅಲ್ಲೀತನಕ ಇಳೀಬ್ಯಾಡ.’

‘ಹಾಳಿ ಬಿಚ್ಚೂದ್ರಾಗ ರೋಡಿಗೆ ಬರ್ತೈತ್ರಿ. ಹೆಣ್ಮಕ್ಳು ಬರಗಾಲ್ಲೆ ಬರ್ತಾರ.’

ನಮ್ಮ ಗೇಟಿನ ಮುಂದೆ ಹೆಂಗಸರು ಚಪ್ಪಲಿ ಹಾಕದೆ ಹೋಗುತ್ತಾರೆ ಎಂಬುದು ಅವನ ಮಾತು. ಅವರಲ್ಲಿ ನಾಗಮ್ಮನೂ ಇದ್ದಳು. ಕೆಲಸದ ಮನೆಯವರು ಈ ವರ್ಷ ಅವಳನ್ನೂ ಜೊತೆಗೆ ಕರೆದಿದ್ದರು.

ನಾನು ಬೀರುವಿನಿಂದ ಮೀಟರು ತೆಗೆದುಕೊಂಡು ಬಂದೆ. ಹತ್ತಿರ ಬರುತ್ತಿದ್ದಂತೆ ಅದು ಕಿರುಚತೊಡಗಿತು. ಶರಣಪ್ಪ ಆಗಲೇ ಸೊಂಟದವರೆಗೆ ಕಿಂಡಿಯೊಳಗಿದ್ದ. ತಲೆಯ ಟವೆಲನ್ನು ಮೂಗಿಗೆ ಕಟ್ಟಿಕೊಂಡಿದ್ದ. ನನ್ನ ಕಡೆ ನೋಡಿದ. ಕಣ್ಣುಗಳು ನಗುತ್ತಿದ್ದವು.

‘ಅದರ ಕೂಗು ಇದ್ದದ್ದರಿ ಸರ. ಎರಡ ಮೆಟ್ಲ, ಅಷ್ಟ. ಮಲ್ಲಿಗಿ ಹಾಜರ್ ಐತಿ.’

‘ಹತ್ತಿ ಬಾ ಮ್ಯಾಲ’ ಎಂದು ನಾನು ಕೂಗಿದೆ. ಅವನ ತಲೆ ಕಿಂಡಿಯೊಳಗೆ ಹೋಯಿತು. ಈರಣ್ಣ ಮೇಲಿಂದ ಹಿಡಿದಿದ್ದ ಬಿದಿರು ಒಮ್ಮೆ ಅಲುಗಿತು. ಆಮೇಲೆ ನೀರಿಗೆ ಏನೋ ಬಿದ್ದ ಸದ್ದು.

ಇಲ್ಲಿಂದ ಮುಂದಿನದನ್ನು ನಾನು ದಿನಕ್ಕೆ ಎಷ್ಟು ಸಲ ನೋಡುತ್ತೇನೋ ನನಗೇ ಗೊತ್ತಿಲ್ಲ. ಹಲ್ಲುಜ್ಜುವಾಗ, ಬಸ್ಸಿನಲ್ಲಿ ಕೂತಾಗ, ತರಕಾರಿ ಆರಿಸುವಾಗ. ಈರಣ್ಣ ಬಿದಿರು ಬಿಟ್ಟು ಕಿಂಡಿಗೆ ತಲೆ ಹಾಕುತ್ತಾನೆ. ನಾನು ಮೀಟರು ಕೆಳಗೆ ಬಿಸಾಕಿ ಅವನ ಸೊಂಟ ಹಿಡಿದು ಹಿಂದಕ್ಕೆ ಎಳೆಯುತ್ತೇನೆ. ಇಬ್ಬರೂ ಬೀಳುತ್ತೇವೆ. ನಾನು ಅವನ ಬೆನ್ನ ಮೇಲೆ ಒರಗಿ ಎರಡೂ ಕೈಗಳಿಂದ ಬಿಗಿಯುತ್ತೇನೆ. ಅವನು ನನಗಿಂತ ಗಟ್ಟಿಯಾದವನು. ನನ್ನನ್ನೂ ಎಳೆದುಕೊಂಡು ಕಿಂಡಿಯ ಅಂಚಿನವರೆಗೆ ತೆವಳುತ್ತಾನೆ.

‘ಬಿಡ್ರಿ ಸರ, ಮಾವ ಬಿದ್ದಾನ, ಬಿಡ್ರಿ.’

‘ಬಿಡಂಗಿಲ್ಲ.’

‘ನಿಮ್ಮ ಕಾಲಿಗೆ ಬೀಳ್ತೀನಿ ಬಿಡ್ರಿ. ನಮ್ಮಕ್ಕಗ ಏನ್ ಹೇಳ್ಲಿ.’

ಪ್ರಭಾಕರ್ ಸಾರ್ ರಸ್ತೆಯಿಂದ ಓಡಿ ಬಂದು ಅವನ ಕಾಲುಗಳ ಮೇಲೆ ಕುಳಿತರು. ಒಂದು ಕೈಯಲ್ಲಿ ಅಗ್ನಿಶಾಮಕದವರಿಗೆ ಫೋನು ಮಾಡುತ್ತ, ಇನ್ನೊಂದು ಕೈಯಿಂದ ಈರಣ್ಣನ ಪ್ಯಾಂಟು ಹಿಡಿದಿದ್ದರು. ನಾನು ಕೂಗುತ್ತಿದ್ದೆ. ಶರಣಪ್ಪನ ಹೆಸರನ್ನೋ, ಹಗ್ಗ ಎಂದೋ, ಬ್ಯಾಡ ಎಂದೋ, ನೆನಪಿಲ್ಲ. ಕಾವಲುಗಾರ ಹಗ್ಗ ತಂದು ಕಿಂಡಿಯೊಳಗೆ ಬಿಟ್ಟ. ಅದನ್ನು ಹಿಡಿಯುವವರು ಯಾರೂ ಇರಲಿಲ್ಲ. ಬೋಲ್ಟು ಬಿಚ್ಚಲು ಹೋದರೆ ತುಕ್ಕು ಹಿಡಿದಿದ್ದವು. ನೆಲಕ್ಕೆ ಬಿದ್ದ ಮೀಟರು ಕಿರುಚುತ್ತಲೇ ಇತ್ತು. ದಂಡೆಯ ಮೇಲೆ ಹಾಡು ನಡೆದೇ ಇತ್ತು. ಮೇಲಿನ ಬಾಲ್ಕನಿಯಿಂದ ಯಾರೋ, ಹಬ್ಬದ ದಿನವೂ ಆ ಮೀಟರು ನಿಲ್ಲಿಸುವುದಿಲ್ಲವೇ ಎಂದು ತೆಲುಗಿನಲ್ಲಿ ಕೇಳಿದರು.

ಅಗ್ನಿಶಾಮಕದವರು ಮುಖವಾಡ ಹಾಕಿಕೊಂಡು ಇಳಿದು ಅವನನ್ನು ಎತ್ತಿದರು. ಎಷ್ಟು ಹೊತ್ತಾಗಿತ್ತು ಎಂದು ನನ್ನನ್ನು ಕೇಳಬೇಡಿ. ಆ ಪೂರ್ತಿ ಹೊತ್ತು ಪರಿಮಳದ ಯಂತ್ರವನ್ನು ಯಾರೂ ಆರಿಸಿರಲಿಲ್ಲ. ಅಂಗಳದಲ್ಲಿ ಮಲಗಿಸಿದ ಅವನ ಮೈಮೇಲೆ ಮಂಜು ಬೀಳುತ್ತಿತ್ತು. ಇಡೀ ಅಂಗಳ ಮಲ್ಲಿಗೆ ನಾರುತ್ತಿತ್ತು. ನಾರುತ್ತಿತ್ತು ಎಂದೇ ಬರೆಯುತ್ತೇನೆ.

ಮರುದಿನ ದೊಡ್ಡಾಸ್ಪತ್ರೆಯ ಶವಾಗಾರದ ಮುಂದೆ ನಿಂತಿದ್ದೆವು. ಕಾವಲುಗಾರ ಪಾಪ ಒಳ್ಳೆಯ ಮನಸ್ಸಿನಿಂದ ಸುಲ್ತಾನ್ ಬಜಾರಿನವರೆಗೆ ನಡೆದು ಹೋಗಿ ಹೂವಿನ ಹಾರ ತಂದಿದ್ದ. ಮಲ್ಲಿಗೆಯ ಹಾರ. ನಾಗಮ್ಮ ಗೋಡೆಗೆ ಒರಗಿ ಕೂತಿದ್ದಳು. ಹಾರ ಹತ್ತಿರ ಬಂದಾಗ ಮುಖ ತಿರುಗಿಸಿದಳು.

‘ಆ ಹೂವ ತಗೀರಿ’ ಎಂದಳು. ಅಷ್ಟೇ.

ಕೋಠಿ ಕಡೆಗೆ ಹೋಗುವ ಬಸ್ಸುಗಳ ಗದ್ದಲದಲ್ಲಿ ಕಾವಲುಗಾರನಿಗೆ ಅದು ಕೇಳಲಿಲ್ಲ. ಈರಣ್ಣ ಎದ್ದು ಅವನ ಕೈಯಿಂದ ಹಾರ ತೆಗೆದುಕೊಂಡು ರಸ್ತೆ ದಾಟಿ ಎಲ್ಲೋ ಇಟ್ಟು ಬಂದ. ಬರುವಾಗ ನನ್ನ ಪಕ್ಕದಲ್ಲೇ ಹಾದು ಹೋದ. ನನ್ನನ್ನು ನೋಡಲಿಲ್ಲ.

ವಿಚಾರಣೆ ನಡೆಯಿತು. ಗಾಳಿ ಅಷ್ಟು ಹೇಗೆ ಕಟ್ಟಿಕೊಂಡಿತು ಎಂದು ಕೇಳಿದರು. ಮುಚ್ಚಿದ ಹಾಳೆಯ ಕೆಳಗೆ ದಿನವೂ ಕಟ್ಟಿಕೊಳ್ಳುತ್ತಿತ್ತು ಎಂದೆ. ಹಬ್ಬದ ರಜೆ ನೋಡಿ ಯಾವುದೋ ಟ್ಯಾಂಕರು ಮೇಲ್ಗಡೆ ಆಸಿಡ್ ಸುರಿದಿರಬಹುದು, ಅದು ಕೊಳಚೆಗೆ ಸೇರಿದರೆ ಈ ಅನಿಲ ಒಮ್ಮೆಲೇ ಏಳುತ್ತದೆ ಎಂದೂ ಹೇಳಿದೆ. ಸಾಬೀತಾಗಲಿಲ್ಲ. ಮೀಟರು ಕೂಗುತ್ತಿದ್ದರೂ ಕೆಲಸಗಾರನು ಇಳಿದನು ಎಂದು ಬರೆದುಕೊಂಡರು. ಅದು ಸುಳ್ಳಲ್ಲ. ಆ ಕೂಗನ್ನು ಮಲ್ಲಿಗೆಯ ಕೂಗು ಎಂದು ನಾವೆಲ್ಲ ಸೇರಿ ಅವನಿಗೆ ಕಲಿಸಿದ್ದೆವು ಎಂಬ ಮಾತಿಗೆ ಅಲ್ಲಿ ಜಾಗ ಇರಲಿಲ್ಲ. ಪ್ರಭಾಕರ್ ಸಾರ್ ವರ್ಗವಾಗಿ ಹೋದರು. ಹೋಗುವ ದಿನ ಹೊಂಡದ ಹತ್ತಿರ ಹೋಗಿ ನಿಂತು, ಚಪ್ಪಲಿ ಬಿಟ್ಟು, ಕೈ ಮುಗಿದು ಬಂದರು.

ಹಾಳೆ ತೆಗೆಯಲಿಲ್ಲ. ಕಿಂಡಿಗೆ ಬೀಗ ಹಾಕಿದರು, ಗೋಡೆಗೆ ಎಚ್ಚರಿಕೆಯ ಫಲಕ ಹಚ್ಚಿದರು. ಕಾಲನಿಯವರು ಮಲ್ಲಿಗೆ ಬೇಡ, ಮನಸ್ಸಿಗೆ ಏನೋ ಆಗುತ್ತದೆ ಎಂದರು. ನಿಂಬೆಗೆ ಬದಲಾಯಿಸಿದರು.

ನಾನು ಆ ದ್ರಾವಣದ ವಿರುದ್ಧ ಬರೆಯುತ್ತಲೇ ಇದ್ದೆ. ಮುಂದೆ ಬಂದ ಅಧಿಕಾರಿಗಳು ಒಬ್ಬರಿಗಿಂತ ಒಬ್ಬರು ವಿನಯದಿಂದ ಓದಿದರು. ಕಂಪ್ಯೂಟರು ಬಂತು, ಗೇಟಿನಲ್ಲಿ ನೀರಿನ ಶುದ್ಧತೆ ತೋರಿಸುವ ದೀಪದ ಫಲಕ ಬಂತು, ಪಂಪು ನಿಂತರೆ ಮೊಬೈಲಿಗೆ ಸಂದೇಶ ಬಂತು. ಉಸಿರಾಟದ ಸಾಧನವೂ ಬಂತು, ಒಂದೇ ಒಂದು, ಗಾಜಿನ ಪೆಟ್ಟಿಗೆಯಲ್ಲಿ. ಅದರ ಸಿಲಿಂಡರು ತುಂಬಿಸಿದೆಯೇ ಎಂದು ನಾನು ಕೇಳಿದಾಗಲೆಲ್ಲ, ಕೇಳಿದ್ದಕ್ಕೆ ನನ್ನನ್ನೇ ವಿಚಿತ್ರವಾಗಿ ನೋಡುತ್ತಿದ್ದರು. ಇದೆಲ್ಲ ಸರಿಹೋಗುತ್ತದೆ ಎಂದು ನಿಮಗೆ ಬರೆಯಬೇಕೆಂದು ಕೂತವನು ನಾನು. ಬರೆಯಲು ಆಗುತ್ತಿಲ್ಲ. ನನ್ನ ಹೆಂಡತಿ ಬಾಲ್ಕನಿಯಲ್ಲಿದ್ದ ಮಲ್ಲಿಗೆಯ ಕುಂಡವನ್ನು ಏನೂ ಕೇಳದೆ ಕೆಳಗಿನ ಮನೆಯವರಿಗೆ ಕೊಟ್ಟುಬಿಟ್ಟಳು. ಆದರೂ ಲಿಫ್ಟಿನಲ್ಲಿ ಯಾರಾದರೂ ಹೂ ಮುಡಿದು ಬಂದರೆ ನಾನು ಮೆಟ್ಟಿಲು ಇಳಿದು ಹೋಗುತ್ತೇನೆ.

ನಿಮಗೆ ನಾನು ಹೇಳಬಲ್ಲ ಪಾಠ ಒಂದೇ, ಅದನ್ನು ಬೇವಿನ ಮರದ ಕೆಳಗೆ ಆಗಲೇ ಹೇಳಿದ್ದೆ. ಎರಡನೆಯವನನ್ನು ಬಿಡಬೇಡಿ. ಅವನು ಕಚ್ಚಿದರೂ, ಕಾಲಿಗೆ ಬಿದ್ದರೂ, ಬೈದರೂ ಬಿಡಬೇಡಿ. ಆದರೆ ಹಿಡಿದ ಮೇಲೆ ಏನಾಗುತ್ತದೆ ಎಂಬುದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅದನ್ನೂ ಬರೆದುಬಿಡುತ್ತೇನೆ.

ಈರಣ್ಣ ಕೆಲಸ ಬಿಡಲಿಲ್ಲ. ಅಕ್ಕನ ಸಂಸಾರವೂ ಅವನ ಮೇಲೆ ಬಿದ್ದಿತ್ತು. ಶರಣಪ್ಪನ ಜಾಗಕ್ಕೆ ಅವನನ್ನೇ ಆಪರೇಟರು ಮಾಡಿದರು. ಒಂದು ವರ್ಷ ನನ್ನ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. ಮುಂದಿನ ಬತುಕಮ್ಮದ ಕೊನೆಯ ದಿನ ಪ್ರಯೋಗಾಲಯದ ಬಾಗಿಲಲ್ಲಿ ಬಂದು ನಿಂತ.

‘ಸರ, ಅವತ್ತ ಮಾವ ನನ್ನ ಕರದ. ಈರ್ಯಾ ಅಂತ ಕರದ. ನಾ ಕೇಳೀನಿ.’

‘ಇಲ್ಲ ಈರಣ್ಣ. ಆ ಗಾಳ್ಯಾಗ ಕರಿಯಾಕ ಬರಂಗಿಲ್ಲ.’

‘ಹಂಗಂತ ನೀವು ಪಾಠ ಮಾಡಿದ್ರಿ. ಅವತ್ತ ಕರದಾನೋ ಇಲ್ಲೋ ಹೇಳ್ರಿ.’

‘ಕರದಿಲ್ಲ.’

ಅವನು ಬಾಗಿಲು ಬಿಟ್ಟು ಹೊಂಡದ ಕಡೆ ಹೋದ. ಅಂದಿನಿಂದ ಪ್ರತಿ ವರ್ಷ ಅದೇ ದಿನ ಅದನ್ನೇ ಕೇಳುತ್ತಾನೆ. ನಾನು ನಿವೃತ್ತನಾದ ಮೇಲೆ ಫೋನಿನಲ್ಲಿ ಕೇಳುತ್ತಾನೆ. ರಸಾಯನಶಾಸ್ತ್ರದ ಪ್ರಕಾರ ನನ್ನ ಉತ್ತರ ಸರಿ. ಆ ಗಾಳಿಯಲ್ಲಿ ಕೂಗುವಷ್ಟು ಉಸಿರು ಯಾರಿಗೂ ಉಳಿಯುವುದಿಲ್ಲ. ಆದರೆ ಅವನು ಕೇಳುತ್ತಿರುವುದು ರಸಾಯನಶಾಸ್ತ್ರವನ್ನಲ್ಲ. ಆ ಹೊತ್ತಿಗೆ ನಾನೇ ಕೂಗುತ್ತಿದ್ದೆ, ಮೀಟರು ಕೂಗುತ್ತಿತ್ತು, ಹಾಡು ಕೂಗುತ್ತಿತ್ತು. ಕಿಂಡಿಗೆ ಎಲ್ಲರಿಗಿಂತ ಹತ್ತಿರ ಇದ್ದದ್ದು ಅವನ ಕಿವಿ.

ಈ ವರ್ಷವೂ ಫೋನು ಬಂತು. ಹಿಂದೆ ದಂಡೆಯ ಹಾಡು ಕೇಳುತ್ತಿತ್ತು.

‘ಆರಾಮ ಅದೀರಿ ಸರ?’

‘ಆರಾಮ. ನಾಗಮ್ಮ ಹೆಂಗದಾಳ?’

‘ಅದಾಳ್ರಿ.’ ಹಾಡು ಸ್ವಲ್ಪ ದೂರವಾಯಿತು. ‘ಸರ, ಅವ ಕರದಿಲ್ಲ, ಹೌದಲ್ರಿ?’

‘ಕರದಿಲ್ಲ ಈರಣ್ಣ.’

‘ನೀವು ಕಿವಿಗೊಟ್ಟು ಕೇಳಿದ್ರಿ?’

ಇದು ಹೊಸ ಪ್ರಶ್ನೆ. ಇಷ್ಟು ವರ್ಷ ಅವನು ಅದನ್ನು ಕೇಳಿರಲಿಲ್ಲ.

‘ಕೇಳಿದ್ನಿ. ಕರದಿಲ್ಲ.’

‘ಹಂಗಾದ್ರ ಆತ್ರಿ’ ಎಂದ. ‘ಇಡ್ತೀನ್ರಿ ಸರ. ಪಾಳಿ ಶುರು ಆಗೈತಿ, ಹಾಜರಿ ತಗೋಬೇಕು.’

ಇಡಲು ಬಿಡಲಿಲ್ಲ ನಾನು. ‘ಇವತ್ತ ಏನ್ ಹಾಜರ್ ಐತಿ?’ ಎಂದೆ.

ಅವನು ಉಸಿರು ಎಳೆದುಕೊಂಡದ್ದು ಫೋನಿನಲ್ಲಿ ಕೇಳಿಸಿತು.

‘ಲಿಂಬಿಹಣ್ಣರಿ ಸರ’ ಎಂದ.